ಪೊಲೊನ್ನರುವಕ್ಕೆ ಹೊರಡುವ ಮುಂಚೆ ಕೊಲಂಬೊ ಮ್ಯೂಸಿಯಂ ನೋಡಿ

ಶ್ರೀಲಂಕಾದಲ್ಲಿ ನಾವು ಮಾಡಿದ ಒಂದು ತಪ್ಪನ್ನು ನೀವು ಮಾಡಬೇಡಿ. ಕೊಲಂಬೊದ ನ್ಯಾಷನಲ್ ಮ್ಯೂಸಿಯಂ ಅನ್ನು ಕೊನೆಯ ದಿನಕ್ಕೆ ಇಟ್ಟುಕೊಂಡೆವು. ವಿಮಾನದ ಹೊತ್ತು ಹತ್ತಿರ ಬಂದಿತ್ತು, ಒಂದೂವರೆ ಗಂಟೆ ಮಾತ್ರ ಸಿಕ್ಕಿತು. ಅದನ್ನು ಮೊದಲೇ ನೋಡಿದ್ದರೆ ಹಳೆಯ ರಾಜಧಾನಿ ಪೊಲೊನ್ನರುವದಲ್ಲಿ ಸುಮ್ನೆ ದಾಟಿ ಹೋದ ಎಷ್ಟೋ ಕಲ್ಲುಗಳ ಮುಂದೆ ನಿಲ್ಲುತ್ತಿದ್ದೆವು.

ಮ್ಯೂಸಿಯಂನಲ್ಲಿ ಗಾಲೆಯ ಕಲ್ಲನ್ನು ತಪ್ಪಿಸಬೇಡಿ. 1911ರಲ್ಲಿ ಗಾಲೆ ಎಂಬ ಬಂದರು ಊರಿನ ಚರಂಡಿಯೊಂದರ ಮೇಲೆ ಮುಚ್ಚಳವಾಗಿ ಬಿದ್ದಿತ್ತಂತೆ. ಚೀನಾದ ನೌಕಾಪತಿ ಝೆಂಗ್ ಹೆ ತಂದು ನಿಲ್ಲಿಸಿದ್ದು, ಬರಹದ ಕಾಲ 1409. ಪೋರ್ಚುಗೀಸರು ಬರುವುದಕ್ಕೆ ಸುಮಾರು ನೂರು ವರ್ಷ ಮೊದಲು! ಒಂದೇ ಕಲ್ಲಿನಲ್ಲಿ ಮೂರು ಭಾಷೆ ಇದೆ. ಚೀನೀ ಭಾಷೆಯಲ್ಲಿ ಬುದ್ಧನಿಗೆ, ತಮಿಳಿನಲ್ಲಿ ತೆನವರೈ ನಾಯನಾರ್ ಎಂಬ ವಿಷ್ಣುವಿಗೆ, ಪರ್ಷಿಯನ್‌ನಲ್ಲಿ ಅಲ್ಲಾಹನಿಗೆ ಕಾಣಿಕೆಯ ಪಟ್ಟಿ. ಆಗಿನ ಆ ಬಂದರಿನಲ್ಲಿ ಯಾರ್ಯಾರು ಓಡಾಡುತ್ತಿದ್ದರು ಅಂತ ಇದಕ್ಕಿಂತ ಚೆನ್ನಾಗಿ ಹೇಳುವ ವಸ್ತು ನಾನು ನೋಡಿಲ್ಲ.

ಇನ್ನೊಂದು ಕೆಲಸ, ಹೊರಡುವ ಮುಂಚೆ ಚೂಳವಂಶದ ಕೆಲವು ಅಧ್ಯಾಯಗಳನ್ನಾದರೂ ಓದಿ. ಶ್ರೀಲಂಕಾದ ರಾಜರ ಹಳೆಯ ಚರಿತ್ರೆಯಾದ ಮಹಾವಂಶದ ಮುಂದುವರಿದ ಭಾಗ ಇದು, ಬೌದ್ಧ ಭಿಕ್ಷುಗಳು ಪಾಳಿಯಲ್ಲಿ ಬರೆದದ್ದು, ಇಂಗ್ಲಿಷ್ ಅನುವಾದ ಸಿಗುತ್ತದೆ. ನಮ್ಮವರಿಗಂತೂ ಇದು ಬೇಕೇ ಬೇಕು, ಯಾಕೆಂದರೆ ಇದರಲ್ಲಿ ಕನ್ನಡಿಗರಿದ್ದಾರೆ! ಅಲ್ಲಿನ ರಾಜ ಐದನೇ ಮಹಿಂದ ಸೈನಿಕರಿಗೆ ಸಂಬಳ ಕೊಡಲಾಗದೆ ಓಡಿಹೋದಾಗ ಕೇರಳದವರು, ಸಿಂಹಳರು, ಕಣ್ಣಾಟರು (ಅಂದರೆ ಕನ್ನಡಿಗರು) ತಮಗೆ ಬೇಕಾದ ಹಾಗೆ ಆಡಳಿತ ನಡೆಸಿದರು ಎಂದು ಬರೆದಿದೆ. ಆಮೇಲೆ ದ್ವೀಪವನ್ನು ಗೆದ್ದು ಆಳಿದ ಚೋಳರನ್ನು ಓಡಿಸಿದ ಸಿಂಹಳ ರಾಜ ಒಂದನೇ ವಿಜಯಬಾಹು ಕಣ್ಣಾಟದ ರಾಜನಿಗೆ ಉಡುಗೊರೆ ಕೊಟ್ಟು ದೂತರನ್ನು ಕಳಿಸುತ್ತಾನೆ, ಚೋಳರು ದಾರಿಯಲ್ಲಿ ಅವರ ಮೂಗು, ಕಿವಿ ಕತ್ತರಿಸುತ್ತಾರೆ. ಆ ಕಣ್ಣಾಟದ ರಾಜ ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಇದನ್ನು ಓದಿ ನನಗೆ ಮೈ ಜುಮ್ಮೆಂದಿತು.

ಆದರೆ ಪುಸ್ತಕ ಒಂದನ್ನೇ ನಂಬಿದರೆ ಸಾಲದು. ಚೋಳರು ಅದರಲ್ಲಿ ವಿಹಾರಗಳನ್ನು ಲೂಟಿ ಮಾಡಿದವರು ಅಷ್ಟೇ. ಪೊಲೊನ್ನರುವದಲ್ಲಿ ಅವರ ಕಾಲದ ‘ಶಿವ ದೇವಾಲೆ ನಂ. 2’ ಎಂಬ ಗುಡಿ ಪೂರ್ತಿ ಕಲ್ಲಿನಲ್ಲೇ ಇನ್ನೂ ನಿಂತಿದೆ. ಗೋಡೆ ತುಂಬ ತಮಿಳು ಬರಹ. ಇಂಥ ಶಿವ ಗುಡಿಗಳ ಹತ್ತಿರ ಅಗೆದಾಗ ಸಿಕ್ಕ ಕಂಚಿನ ನಟರಾಜನನ್ನು ನೋಡಲು ಮತ್ತೆ ಕೊಲಂಬೊ ಮ್ಯೂಸಿಯಂಗೇ ಬರಬೇಕು. ಅದಕ್ಕೇ ಹೇಳಿದ್ದು, ಅದು ಮೊದಲು.

ಪೊಲೊನ್ನರುವಕ್ಕೆ ಒಂದು ಇಡೀ ದಿನ ಇಡಿ. ಕೆರೆ ದಂಡೆಯ ಮ್ಯೂಸಿಯಂನಲ್ಲೇ ಟಿಕೆಟ್ ಕೊಡುತ್ತಾರೆ, ಒಳಗೆ ಒಂದು ಗಂಟೆ ಕಳೆದು ಆಮೇಲೆ ಬಾಡಿಗೆ ಸೈಕಲ್ ಹತ್ತಿ. ಪಾಸ್‌ಪೋರ್ಟ್ ಜೊತೆಗಿರಲಿ, ಸಾರ್ಕ್ ದೇಶದವರಿಗೆ (ಭಾರತವೂ ಸೇರಿ) ರಿಯಾಯಿತಿ ಇದೆಯಾ ಅಂತ ಕೇಳಿ. ಪವಿತ್ರ ಜಾಗಗಳಲ್ಲಿ ಚಪ್ಪಲಿ, ಟೋಪಿ ತೆಗೆಯಬೇಕು, ಹೆಗಲು, ಮಂಡಿ ಮುಚ್ಚಿರಬೇಕು. ಮಧ್ಯಾಹ್ನ ಕಲ್ಲು ಕಾದಿರುತ್ತದೆ, ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಬುದ್ಧನಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ, ಅಲ್ಲಿಯವರಿಗೆ ನೋವಾಗುತ್ತದೆ.

ಗಲ್ ಪೋತದ ಹತ್ತಿರ, ಅಂದರೆ ಕಲ್ಲಿನ ಪುಸ್ತಕದ ಹತ್ತಿರ, ಬಿಸಿಲು ಇಳಿದ ಮೇಲೆ ಹೋಗಿ. ಸುಮಾರು 8 ಮೀಟರ್ ಉದ್ದ, 25 ಟನ್ ತೂಕ. ರಾಜ ನಿಶ್ಶಂಕಮಲ್ಲ ತನ್ನ ಹೊಗಳಿಕೆಯನ್ನು ತಾನೇ ಕೆತ್ತಿಸಿದ್ದಾನೆ, ಕಲ್ಲನ್ನು ದೂರದ ಮಿಹಿಂತಲೆಯಿಂದ ಎಳೆಸಿ ತಂದದ್ದನ್ನೂ ಬರೆಸಿದ್ದಾನೆ. ಓರೆ ಬೆಳಕಿನಲ್ಲಿ ಅಕ್ಷರ ಎದ್ದು ಕಾಣುತ್ತವೆ, ದುಂಡು ದುಂಡಾಗಿ. ದೂರದಿಂದ ನನಗೆ ನಮ್ಮದೇ ಅಕ್ಷರ ಅನ್ನಿಸಿ, ಹತ್ತಿರ ಹೋಗಿ ಓದಲು ಬಗ್ಗಿದೆ.