ಮೇರಿ ಕ್ಯಾತ್ಲೀನ್ ಗಣಿಗೆ ಹೊರಟಿದ್ದೀರಾ? ಕಾರಿನ ಕರಾರು ಮೊದಲು ಓದಿ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿರುವ ಮೇರಿ ಕ್ಯಾತ್ಲೀನ್ ಯುರೇನಿಯಂ ಗಣಿಗೆ ಬಹಳ ಜನ ಹೋಗುವುದು ಆ ಹಸಿರು-ನೀಲಿ ಹೊಂಡದ ಫೋಟೋ ನೋಡಿಕೊಂಡೇ. ಬಣ್ಣ ಸುಳ್ಳಲ್ಲ, ನೀರಿನಲ್ಲಿ ಕರಗಿರುವ ಲೋಹಗಳಿಂದ ಬಂದದ್ದು. ಆದರೆ ಅದನ್ನು ನೋಡಿ ಮುಗಿಸಲು ಹತ್ತು ನಿಮಿಷ ಸಾಕು. ಕಲ್ಲಿನ ಬಗ್ಗೆ, ಹಳೇ ಊರಿನ ಬಗ್ಗೆ ಕುತೂಹಲ ಇಲ್ಲದಿದ್ದರೆ ಅಷ್ಟು ದೂರದ ಖರ್ಚು ದಂಡ.

ಮೌಂಟ್ ಐಸಾಕ್ಕೂ ಕ್ಲಾನ್‌ಕರಿಗೂ ನಡುವೆ, ಬಾರ್ಕ್ಲಿ ಹೆದ್ದಾರಿಯಿಂದ ಸುಮಾರು ಆರು ಕಿಲೋಮೀಟರ್ ಒಳಗೆ ಈ ಜಾಗ. ಸ್ವಂತ ಗಾಡಿ ಇಲ್ಲದವರಿಗೆ ಬಾಡಿಗೆ ಕಾರೇ ಗತಿ. ಗಣಿಗೆ ಹೋಗ್ತೀನಿ ಅಂತ ನಾನು ಬುಕ್ ಮಾಡುವಾಗಲೇ ಫೋನಿನಲ್ಲಿ ಹೇಳಿದ್ದೆ, ‘ನೋ ವರೀಸ್’ ಅಂದಿದ್ದರು. ದುಡ್ಡು ಕಟ್ಟಿದ ಮೇಲೆ ಕೀಲಿಯ ಜೊತೆ ಒಂದು ಹಾಳೆ ಬಂತು: ಡಾಂಬರು ಬಿಟ್ಟು ಇಳಿದರೆ ವಿಮೆ ಇಲ್ಲ. ಇಳಿಯಬೇಕಾದರೆ ದೊಡ್ಡ ಗಾಡಿ ತಗೊಳ್ಳಿ, ಬಾಡಿಗೆ ಎರಡರಷ್ಟು. ವಾದ ಮಾಡಿ ಸುಸ್ತಾಗಿ ದೊಡ್ಡದನ್ನೇ ತಗೊಂಡೆ. ಹಳೇ ಊರಿನವರೆಗಿನ ಡಾಂಬರು ಕಿತ್ತುಹೋಗಿದೆ, ಆಮೇಲೆ ಹೊಂಡದ ಕಡೆಗಿನದು ರಸ್ತೆ ಅನ್ನುವಂಥದ್ದಲ್ಲ. ಹಾಗಾಗಿ ಗಾಡಿ ಬೇಕಾಗಿದ್ದು ನಿಜ. ಮೊದಲೇ ಹೇಳಲಿಲ್ಲ ಅನ್ನುವ ಉರಿ ಮಾತ್ರ ಇನ್ನೂ ಆರಿಲ್ಲ. ಮಣ್ಣಿನ ರಸ್ತೆಗೆ ಒಪ್ಪಿಗೆಯನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ.

ರೂಮಿನ ಕತೆಯೂ ಅಷ್ಟೇ. ಮೌಂಟ್ ಐಸಾ ಈಗಲೂ ಗಣಿ ಊರು. ವಾರದ ನಡುವೆ ಗುತ್ತಿಗೆ ಕೆಲಸಗಾರರು ಮೋಟೆಲ್ ತುಂಬಿಕೊಳ್ಳುತ್ತಾರೆ. ನನಗೆ ಸಿಕ್ಕ ಕೋಣೆಯ ಕಿಟಕಿ ತೆಗೆದರೆ ಪಕ್ಕದವರ ಎಸಿ ಯಂತ್ರದ ಬಿಸಿಗಾಳಿ ನೇರ ಮುಖಕ್ಕೆ. ಶನಿವಾರ-ಭಾನುವಾರ ಹೋದರೆ ದರವೂ ಇಳಿಯುತ್ತೆ, ಗಲಾಟೆಯೂ ಕಡಿಮೆ. ಟೆಂಟ್ ಇದ್ದವರು ಕೊರೆಲ್ಲಾ ಅಣೆಕಟ್ಟಿನ ಹತ್ತಿರ ಕ್ಲೆಮ್ ವಾಲ್ಟನ್ ಪಾರ್ಕಿನಲ್ಲಿ ಉಳಿಯಬಹುದು. ಗಣಿಗೆ ನೀರು ಬೇಕೆಂದು ಕಟ್ಟಿದ ಅಣೆಕಟ್ಟು ಅದು.

ಆ ಕ್ಲೆಮ್ ವಾಲ್ಟನ್ ಮತ್ತು ನಾರ್ಮ್ ಮೆಕಾನಕಿ 1954ರಲ್ಲಿ ಇಲ್ಲಿ ಯುರೇನಿಯಂ ಪತ್ತೆಹಚ್ಚಿದವರು. ಆಗಷ್ಟೇ ತೀರಿಕೊಂಡಿದ್ದ ಮೆಕಾನಕಿಯ ಹೆಂಡತಿಯ ಹೆಸರನ್ನೇ ಗಣಿಗಿಟ್ಟರು. ಬ್ರಿಟನ್ನಿನ ಪರಮಾಣು ಪ್ರಾಧಿಕಾರಕ್ಕೆ ಮಾರುವ ಒಪ್ಪಂದದ ಮೇಲೆ ಶುರುವಾದ ಗಣಿ, ಒಪ್ಪಂದದ ಸರಕು ಮುಗಿದದ್ದೇ 1963ರಲ್ಲಿ ನಿಂತಿತು. 1970ರ ದಶಕದಲ್ಲಿ ಮತ್ತೆ ತೆರೆದು 1982ರಲ್ಲಿ ಕೊನೆಗೂ ಮುಚ್ಚಿದರು. ಕೆಜಿಎಫ್‌ನಲ್ಲಿ ಗಣಿ ಹೋದರೂ ಊರು ಉಳಿಯಿತು, ಇಲ್ಲಿ ಊರನ್ನೇ ಹರಾಜು ಹಾಕಿದರು. 1983ರಲ್ಲಿ ಮನೆಗಳನ್ನು ಕೊಂಡವರು ಲಾರಿಗೇರಿಸಿಕೊಂಡು ಹೋದರು. ಈಗ ಇರುವುದು ಬೀದಿಗಳು, ಅವುಗಳ ಅಂಚುಕಲ್ಲು, ಮನೆಗಳ ಕಾಂಕ್ರೀಟ್ ತಳ. ಒಂದು ತಳದ ಮೇಲೆ ಬಚ್ಚಲಿನ ಹೆಂಚು ಇನ್ನೂ ಅಂಟಿಕೊಂಡಿತ್ತು, ನೀರು ಹೋಗುವ ತೂತಿನಿಂದ ಹುಲ್ಲು ಎದ್ದಿತ್ತು. ನನಗೆ ಹೊಂಡಕ್ಕಿಂತ ಇಲ್ಲೇ ಹೆಚ್ಚು ಹೊತ್ತು ಹೋಯಿತು.

ಕಲ್ಲಿನ ವಿಷಯಕ್ಕೆ ಬರೋಣ. 170 ಕೋಟಿ ವರ್ಷಕ್ಕೂ ಹಿಂದೆ ಸುಣ್ಣದಂಶವಿದ್ದ ಪದರಗಳ ನಡುವೆ ಗ್ರಾನೈಟ್ ನುಗ್ಗಿ, ಆ ಬಿಸಿಗೆ ಇಡೀ ಜಾಗ ಕೆಂಗಂದು ಗಾರ್ನೆಟ್ ಬಂಡೆಯಾಯಿತು. ಗಾರ್ನೆಟ್ ನಡುವೆ ಡಾಂಬರಿನ ಹಾಗೆ ಕಪ್ಪಗೆ ಹೊಳೆಯುವ ಮಚ್ಚೆ ಕಂಡರೆ ಅದು ಅಲನೈಟ್ ಅನ್ನುವ ಖನಿಜ. ಯುರೇನಿಯಂ ಇರುವ ಖನಿಜ ಯುರೇನಿನೈಟ್ ಅದರೊಳಗೇ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಸೇರಿಕೊಂಡಿದೆ. ಜೊತೆಗೆ ಸ್ಟಿಲ್ವೆಲೈಟ್ ಎಂಬ ಇನ್ನೊಂದು ಖನಿಜ, ಅದನ್ನು ಜಗತ್ತಿನಲ್ಲೇ ಮೊದಲು ಗುರುತಿಸಿದ್ದು ಈ ಗಣಿಯಲ್ಲಿ. ಅನ್ವೇಷಕ ಡಗ್ಲಸ್ ಮಾಸನ್ ಅವರ ಅಂಟಾರ್ಕ್ಟಿಕಾ ತಂಡದಲ್ಲಿದ್ದ ಭೂವಿಜ್ಞಾನಿ ಫ್ರಾಂಕ್ ಸ್ಟಿಲ್ವೆಲ್ ಹೆಸರು ಅದಕ್ಕಿದೆ. ಅಲನೈಟ್, ಸ್ಟಿಲ್ವೆಲೈಟ್ ಎರಡರಲ್ಲೂ ಸೀರಿಯಂ, ಲ್ಯಾಂಥನಮ್‌ನಂಥ ಅಪರೂಪದ ಭೂಧಾತುಗಳು. ಅದಿರಿನಲ್ಲಿ ಯುರೇನಿಯಂಗಿಂತ ಇವೇ ಎಷ್ಟೋ ಪಟ್ಟು ಹೆಚ್ಚು. ಆದರೂ ತೆಗೆದದ್ದು ಯುರೇನಿಯಂ ಮಾತ್ರ, ಉಳಿದದ್ದೆಲ್ಲ ಅರೆದ ತ್ಯಾಜ್ಯದ ಜೊತೆ ಮಣ್ಣು ಮುಚ್ಚಿಕೊಂಡು ಬಿದ್ದಿದೆ. ಆ ಮುಚ್ಚುವ ಕೆಲಸಕ್ಕೆ 1986ರಲ್ಲಿ ಪ್ರಶಸ್ತಿ ಕೂಡ ಬಂತು. ಆಮೇಲೆ ವಿಜ್ಞಾನಿಗಳು ಹೋಗಿ ನೋಡಿದರೆ ತ್ಯಾಜ್ಯದಿಂದ ನೀರು ಜಿನುಗುತ್ತಲೇ ಇತ್ತು! ಹೊಂಡದ ನೀರಿನಲ್ಲೂ ಲೋಹ ಕರಗಿದೆ, ಕಪ್ಪು ಕಲ್ಲಿನೊಳಗೆ ಯುರೇನಿಯಂ ಇದೆ. ಆದ್ದರಿಂದ ಹೊಂಡಕ್ಕೆ ಇಳಿಯಬೇಡಿ, ಈಜಿದವರ ವಿಡಿಯೋ ನೋಡಿ ಮರುಳಾಗಬೇಡಿ, ಕಪ್ಪು ಕಲ್ಲು ಜೇಬಿಗೆ ಹಾಕಿಕೊಳ್ಳಬೇಡಿ. ಪ್ರವೇಶದ ನಿಯಮ ಬದಲಾಗಿರಬಹುದು, ಹೊರಡುವ ಮುನ್ನ ಕ್ಲಾನ್‌ಕರಿಯ ಮಾಹಿತಿ ಕೇಂದ್ರದಲ್ಲಿ ಕೇಳಿ. ನಿಷೇಧದ ಬೋರ್ಡ್ ಇದ್ದರೆ ವಾಪಸ್ ಬನ್ನಿ. ಆ ಕೇಂದ್ರ ಇರುವ ಮೇರಿ ಕ್ಯಾತ್ಲೀನ್ ಪಾರ್ಕಿನಲ್ಲೇ ಗಣಿ ಊರಿಂದ ತಂದ ಕಟ್ಟಡಗಳಿವೆ, ವಸ್ತುಸಂಗ್ರಹಾಲಯದಲ್ಲಿ ಖನಿಜಗಳೂ ಇವೆ.

ಕ್ಲಾನ್‌ಕರಿಯಲ್ಲಿ ಒಂದು ಬೇಕರಿ ಇದೆ, ಇಡೀ ಪ್ರಯಾಣದಲ್ಲಿ ಕೊಟ್ಟ ಕಾಸಿಗೆ ಮೋಸ ಆಗದ ಜಾಗ ಅದೊಂದೇ. ಸಸ್ಯಾಹಾರಿಗಳು ಈ ಕಡೆ ಚಿಪ್ಸ್ ತಿಂದೇ ಬದುಕಬೇಕು ಅಂತ ಎಲ್ಲರೂ ಹೆದರಿಸಿದ್ದರು. ಇಲ್ಲಿ ಪಾಲಕ್-ರಿಕೋಟಾ ರೋಲ್ ಸಿಗುತ್ತೆ, ನಮ್ಮ ಅಯ್ಯಂಗಾರ್ ಬೇಕರಿಯ ಪಫ್ಸ್ ಥರ ಪದರ ಪದರ, ಕಚ್ಚಿದರೆ ಚೂರು ಅಂಗಿ ತುಂಬ. ಮೆಣಸು ಧಾರಾಳ. ಗಣಿ ಕೆಲಸದವರಿಗಾಗಿ ಬೆಳಕು ಹರಿಯುವ ಮುಂಚೆಯೇ ತೆಗೆಯುತ್ತಾರೆ, ಒಂಬತ್ತಾದರೆ ರೋಲ್ ಖಾಲಿ. ಕೌಂಟರಿನ ಅಜ್ಜಿ ನಾನು ಎರಡು ಕೇಳಿದ್ದಕ್ಕೆ ‘ಮಧ್ಯಾಹ್ನಕ್ಕೆ ಎಲ್ಲೂ ಏನೂ ಸಿಗಲ್ಲ’ ಅಂತ ಮೂರು ಕಟ್ಟಿಕೊಟ್ಟರು. ಅವರು ಹೇಳಿದ್ದು ಸರಿಯಾಗಿತ್ತು.

ಮೇ ಕೊನೆಯಿಂದ ಆಗಸ್ಟ್ ಒಳಗೆ ಹೋಗಿ. 1889ರಲ್ಲಿ ಕ್ಲಾನ್‌ಕರಿಯಲ್ಲಿ 53.1 ಡಿಗ್ರಿ ಸೆಲ್ಸಿಯಸ್ ಅಂತ ದಾಖಲಾಗಿತ್ತು, ಅಳೆದ ರೀತಿ ಸರಿಯಿಲ್ಲ ಅಂತ ಆಮೇಲೆ ಕೈಬಿಟ್ಟರು. ನವೆಂಬರಿನಲ್ಲಿ ಅಲ್ಲಿ ನಿಂತವರಿಗೆ ಆ ಸಂಖ್ಯೆ ಸುಳ್ಳು ಅನ್ನಿಸಲಿಕ್ಕಿಲ್ಲ. ಮುಖಕ್ಕೆ ನೊಣದ ಬಲೆ ಕೊಳ್ಳಿ. ನೀರು, ಪೆಟ್ರೋಲು ಊರಲ್ಲೇ ತುಂಬಿಸಿ.

ವಿಮಾನ ದುಬಾರಿ ಅನ್ನಿಸಿದರೆ ಕರಾವಳಿಯ ಟೌನ್ಸ್‌ವಿಲ್‌ನಿಂದ ಮೌಂಟ್ ಐಸಾಕ್ಕೆ ‘ಇನ್‌ಲ್ಯಾಂಡರ್’ ರೈಲಿದೆ, ವಾರಕ್ಕೆ ಎರಡೇ, ಸುಮಾರು 21 ತಾಸು. 1976ರಲ್ಲಿ ಯುರೇನಿಯಂ ಗಣಿಗಾರಿಕೆ ವಿರೋಧಿಸಿ ಮೇರಿ ಕ್ಯಾತ್ಲೀನ್‌ಗೆ ಹೋಗುವ ಸರಕನ್ನು ಮುಟ್ಟಲ್ಲ ಅಂದ ರೈಲ್ವೆ ನೌಕರನನ್ನು ಅಮಾನತು ಮಾಡಿದ್ದು ಟೌನ್ಸ್‌ವಿಲ್‌ನಲ್ಲೇ, ಅದಕ್ಕೆ ದೇಶದಾದ್ಯಂತ ಒಂದು ದಿನ ರೈಲು ಮುಷ್ಕರ ಆಗಿತ್ತು. ರಾತ್ರಿ ಎಸಿ ವಿಪರೀತ ಚಳಿ, ಸ್ವೆಟರ್ ಬ್ಯಾಗಿನಲ್ಲಿ ಮೇಲೆಯೇ ಇಟ್ಟುಕೊಳ್ಳಿ.