ಪರೀಕ್ಷೆಗೆ ಬಾರದ ಪಾಠಗಳು

ಹಳೇ ವಿದ್ಯಾರ್ಥಿಗಳು ಏನಾದ್ರೂ ಬರೆದುಕೊಡಿ ಅಂತ ಸಂಚಿಕೆಯವರು ಕೇಳಿದರು. ನನಗೆ ಮೊದಲು ನೆನಪಾದದ್ದು ನಮ್ಮ ಕ್ಲಾಸಿನಲ್ಲಿ ದಿನಾ ಯಾರಾದರೊಬ್ಬರು ಕೇಳುತ್ತಿದ್ದ ಮಾತು. "ಸರ್, ಇದು ಪರೀಕ್ಷೆಗೆ ಬರ್ತದೇನ್ರಿ?" ವಿಜ್ಞಾನದ ಸರ್ "ಬರಂಗಿಲ್ಲ" ಅಂದು, ಆ ಬಾರದ ವಿಷಯವನ್ನೇ ಬೆಲ್ ಹೊಡೆಯುವ ತನಕ ಹೇಳುತ್ತಿದ್ದರು.

ಹತ್ತನೇ ಕ್ಲಾಸಿನಲ್ಲಿ ಒಂದು ಪ್ರಯೋಗ ಇದೆ, ಎಲ್ಲರೂ ಮಾಡಿರ್ತೀರಿ. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಕರಗಿಸಿದ ನೀರಿಗೆ ಸತುವಿನ ತುಂಡು ಹಾಕಬೇಕು. ನೀಲಿ ಬಣ್ಣ ಮೆಲ್ಲಗೆ ತಿಳಿಯಾಗುತ್ತದೆ, ಸತುವಿನ ಮೇಲೆ ತಾಮ್ರ ಕೂತು ಅದು ಕಪ್ಪಾಗುತ್ತದೆ. ನಾವು ಸಮೀಕರಣ ಬರೆದುಕೊಳ್ಳುತ್ತಿದ್ದೆವು. ಆಗ ಹಿಂದಿನ ಬೆಂಚಿನ ಗೆಳೆಯ, ಯಾವತ್ತೂ ಬಾಯಿ ಬಿಡದವನು, "ನಮ್ಮ ಮನ್ಯಾಗ ದಿನಾ ಇದನ್ನೇ ಮಾಡ್ತಾರ್ರಿ ಸರ್" ಅಂದ. ಅವರದು ಬಿದ್ರಿ ಕೆಲಸದ ಮನೆ, ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ನಮ್ಮ ಬೀದರಿನ ಕಸುಬು. ಸರ್ ಚಾಕ್ ಕೆಳಗಿಟ್ಟು ಅವನ ಪಕ್ಕ ಹೋಗಿ ಕೂತರು. ಆ ಶನಿವಾರ ಅರ್ಧ ಕ್ಲಾಸು ಅವನ ಮನೆಯಲ್ಲಿತ್ತು.

ಅವರ ಅಬ್ಬಾ, ನಮಗೆಲ್ಲ ಚಾಚಾ, ಒಂದು ಹೂಜಿ ಹಿಡಿದು ಕೂತಿದ್ದರು. ಸತು ಜಾಸ್ತಿ, ತಾಮ್ರ ಚೂರು ಸೇರಿಸಿ ಎರಕ ಹೊಯ್ದದ್ದು. ಅದಕ್ಕೆ ಮೈಲುತುತ್ತದ ನೀರು ಸವರಿದರೆ ಮೈ ಕಪ್ಪಾಗುತ್ತದೆ, ಆಮೇಲೆ ಚೂಪಾದ ಉಕ್ಕಿನ ಮೊನೆಯಿಂದ ಬಳ್ಳಿ ಬರೆದರೆ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಆ ಗೆರೆ ಹಿಡಿದು ಉಳಿಯಿಂದ ಕೆತ್ತಿ, ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಆದರೆ ಈ ಕಪ್ಪು ತಾತ್ಕಾಲಿಕ, ಉಜ್ಜಿದರೆ ಹೋಗುತ್ತದೆ. ಕೊನೆಗೆ ಬರುವ ಕಪ್ಪು ಬೇರೆ. ಅದಕ್ಕೆ ಕೋಟೆಯ ಮಣ್ಣು ಬೇಕು, ಬಿಸಿಲು ಮಳೆ ತಾಗದ ಜಾಗದ್ದು. ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿ, ಬಿಸಿ ಮಾಡಿದ ಹೂಜಿಗೆ ಉಜ್ಜಿದರು. ಸತು ಕಪ್ಪಾಯಿತು, ಬೆಳ್ಳಿ ಹಾಗೇ ಉಳಿಯಿತು. ಕಣ್ಣೆದುರೇ.

ಒಳ್ಳೆ ಮಣ್ಣು ಹೆಂಗೆ ಗೊತ್ತಾಗುತ್ತೆ ಅಂತ ಸರ್ ಕೇಳಿದರು. ಚಾಚಾ ಒಂದು ಚಿಟಿಕೆ ನಾಲಗೆ ಮೇಲಿಟ್ಟುಕೊಂಡು "ಹಿಂಗ" ಅಂದರು. ಸರ್ ತಾವೂ ಇಟ್ಟುಕೊಂಡರು! ವಾಪಸ್ ಬರುವಾಗ ದಾರಿಯುದ್ದಕ್ಕೂ ನೈಟ್ರೇಟ್ ಇರಬೇಕು, ಉಪ್ಪಿನ ಅಂಶ ಇರಬೇಕು ಅಂತ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು.

ಮದರಸಾದ ಹತ್ತಿರ ಬಂದಾಗ ಮಾತು ಬೇರೆ ಕಡೆ ತಿರುಗಿತು. 1472ರಲ್ಲಿ ಅದನ್ನು ಕಟ್ಟಿಸಿದ ಮಹಮೂದ್ ಗವಾನ್, ಬಹಮನಿಯ ಅಷ್ಟು ದೊಡ್ಡ ಮಂತ್ರಿ, 1481ರಲ್ಲಿ ಒಂದು ಖೊಟ್ಟಿ ಪತ್ರದಿಂದಾಗಿ ಸುಲ್ತಾನನ ಆಜ್ಞೆಯಂತೆ ಸತ್ತ. ಅವನ ಬದುಕು ಸಾರ್ಥಕವೋ ಅಲ್ಲವೋ ಅಂತ ಸರ್ ಕೇಳಿದರು. ನಾವು ಸುಮ್ನೆ ನಿಂತೆವು. ಅಥೆನ್ಸಿನ ಸಾಕ್ರೆಟಿಸ್ ಕೂಡ ಕ್ರಿಸ್ತಪೂರ್ವ 399ರಲ್ಲಿ ವಿಚಾರಣೆ ಎದುರಿಸಿ ಸತ್ತ, ತನ್ನನ್ನು ತಾನು ಪರೀಕ್ಷಿಸಿಕೊಳ್ಳದ ಬದುಕು ಬಾಳೋದಕ್ಕೇ ಯೋಗ್ಯ ಅಲ್ಲ ಅಂತಿದ್ದ ಅಂತ ಹೇಳಿದರು.

ಈ ಮಾತು ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ. ಕೂತು ತನ್ನ ಬಗ್ಗೆ ಯೋಚಿಸೋಕೆ ಹೊತ್ತು ಬೇಕು, ಹೊಟ್ಟೆ ತುಂಬಿರಬೇಕು. ಚಾಚಾ ಎಂದಾದರೂ ನಾನು ಯಾರು, ಯಾಕೆ ಬದುಕಿದ್ದೇನೆ ಅಂತ ಕೇಳಿಕೊಂಡಿದ್ದರೋ ಏನೋ. ಆದರೆ ಅಷ್ಟು ವರ್ಷ ಕೆಲಸ ಮಾಡಿದ ಮೇಲೂ ಪ್ರತಿ ಸಲ ಮಣ್ಣಿನ ರುಚಿ ನೋಡದೆ ಅವರು ಕೈ ಹಚ್ಚುತ್ತಿರಲಿಲ್ಲ. ನನಗೆ ಗೊತ್ತಿದೆ ಬಿಡು ಅಂತ ಅನ್ನಲಿಲ್ಲ. ಇದೂ ತನ್ನನ್ನು ಪರೀಕ್ಷಿಸಿಕೊಳ್ಳೋದೇ ಅಲ್ವಾ? ನಾನು ಹೈದರಾಬಾದಿನಲ್ಲಿ ಪೈಪಿನ ಕಂಪನಿಯಲ್ಲಿದ್ದೇನೆ. ಸಂಬಳ ಚೆನ್ನಾಗಿದೆ, ದೂರಿಲ್ಲ. ಆದರೂ ತಿಂಗಳುಗಟ್ಟಲೆ ಯಾವುದನ್ನೂ ಯಾಕೆ ಅಂತ ಕೇಳದೆ ಕಳೆದಾಗ ಒಳಗೆ ಏನೋ ಮುಗ್ಗಲು ಹಿಡಿದಂತೆ ಅನ್ನಿಸುತ್ತದೆ.

ಸರ್ ಈಗ ನಿವೃತ್ತರು. ನೌಬಾದ್ ಕಡೆಯ ಸುರಂಗ ಬಾವಿಯ ಹಿಂದೆ ಬಿದ್ದಿದ್ದಾರೆ. ಬಹಮನಿ ಕಾಲದ್ದು, ನೆಲದೊಳಗೇ ಇಳಿಜಾರಾಗಿ ಕೊರೆದ ಕಾಲುವೆ, ಮೇಲಿಂದ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ಹೋದ ಸಲ ಊರಿಗೆ ಹೋದಾಗ ಚಹಾ ತರಿಸಿ ಕೇಳಿದರು, "ನೀ ಪೈಪಿನವ ಅಲ್ಲೇನೋ ತಮ್ಮಾ. ಪಂಪಿಲ್ಲದೆ ಅಷ್ಟು ದೂರ ನೀರು ಹರಿಸಿದಾರ, ನೆಲದೊಳಗ ಇಳಿಜಾರು ಹೆಂಗ ಅಳೆದಿರಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ, ಇನ್ನೂ ಹುಡುಕುತ್ತಿದ್ದೇನೆ. ಈಗಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗೋ ವಿಚಾರ ಶಾಲೆಗಿದ್ದರೆ ಸರ್‌ಗೆ ಒಂದು ಫೋನ್ ಮಾಡಿ. ಟಾರ್ಚ್ ತಾವೇ ತರ್ತಾರಂತೆ.