ಆಟೋಪೈಲಟ್ ಬೋರ್ಡಿಗೆ ಕಾರವಾರದ ಉಪ್ಪುಗಾಳಿ

ನನ್ನ ಆರ್‌ಸಿ (ರಿಮೋಟಿನಿಂದ ಹಾರಿಸುವ) ವಿಮಾನದ ಹಾರಾಟ ಸದ್ಯಕ್ಕೆ ಬಂದ್. ಪಕ್ಕದಲ್ಲೇ ನೌಕಾನೆಲೆ, ಹಾಗಾಗಿ ಕಾರವಾರದಲ್ಲಿ ಹಾರಿಸುವ ಮಾತೇ ಇಲ್ಲ. ಮಳೆ ಬಿಟ್ಟ ಮೇಲೆ ಘಟ್ಟ ಹತ್ತಬೇಕು. ಅಲ್ಲಿಯವರೆಗೆ ವಿಮಾನವನ್ನು ತಾನೇ ಹಾರಿಸುವ ಸರ್ಕ್ಯೂಟಿಗೆ, ಅಂದರೆ ಆಟೋಪೈಲಟ್ ಬೋರ್ಡಿಗೆ, ಉಪ್ಪಿನ ಪರೀಕ್ಷೆ.

ವಿಮಾನದ ಎಲೆಕ್ಟ್ರಾನಿಕ್ಸಿಗೆ ಡಿಒ-160 ಅಂತ ಒಂದು ಮಾನದಂಡ ಇದೆ. ಬಿಸಿ, ಚಳಿ, ನಡುಕ, ತೇವ, ಬೂಸ್ಟು, ಎಲ್ಲಕ್ಕೂ ಬೇರೆ ಬೇರೆ ಪರೀಕ್ಷೆ. ಉಪ್ಪಿಗಾದರೆ ಶೇ 5ರ ಉಪ್ಪುನೀರನ್ನು 35 ಡಿಗ್ರಿಯಲ್ಲಿ ಮಂಜಿನ ಹಾಗೆ ಬಿಡುತ್ತಾರೆ. ಅಂಥ ಚೇಂಬರ್ ನನ್ನ ಹತ್ತಿರ ಎಲ್ಲಿಂದ ಬರಬೇಕು? 950 ಗ್ರಾಂ ನೀರು, 50 ಗ್ರಾಂ ಉಪ್ಪು, ಒಂದು ಸ್ಪ್ರೇ ಬಾಟಲಿ, ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ. ಅಷ್ಟೇ.

ಮಳೆನೀರಿಗಿಂತ ಕಾಟ ಕೊಡುವುದು ಉಪ್ಪೇ. ಗಾಳಿಯ ತೇವ ಸುಮಾರು ಶೇ 75 ದಾಟಿದರೆ ಉಪ್ಪು ನೀರೊಡೆಯುತ್ತದೆ. ಜೂನ್ ಬಂದರೆ ಇಲ್ಲಿ ಅಡುಗೆಮನೆಯಲ್ಲೇ ಗೊತ್ತಾಗುತ್ತದಲ್ವಾ! ಬೋರ್ಡಿನ ಮೇಲೆ ಕೂತ ಉಪ್ಪೂ ಹಾಗೇ, ಹನಿ ಮಳೆ ಬೀಳದಿದ್ದರೂ ಒದ್ದೆ ಪದರ. ಕರೆಂಟ್ ಹರಿಯುತ್ತಿದ್ದರೆ ಬೋರ್ಡಿನ ಒಂದು ತಾಮ್ರದ ಗೆರೆಯ ಲೋಹ ಕರಗಿ ಪಕ್ಕದ ಗೆರೆಯ ಮೇಲೆ ಕೂತು, ಅಲ್ಲಿಂದ ವಾಪಸ್ ಇತ್ತ ಬೆಳೆಯುತ್ತದೆ, ಕೊನೆಗೆ ಶಾರ್ಟ್. ಅದಕ್ಕೇ ಪವರ್ ಕೊಟ್ಟೇ ಸಿಂಪಡಿಸಿದೆ.

ಇಟ್ಟದ್ದು ಮೂರು ಬೋರ್ಡ್. ಏನೂ ಬಳಿಯದ್ದರ ಕನೆಕ್ಟರ್ ಕಾಲುಗಳ ಬುಡದಲ್ಲಿ ಹಸಿರು ಕಿಲುಬು, ಅದು ಗೊತ್ತಿದ್ದದ್ದೇ. ಮಜಾ ಇರುವುದು ಉಳಿದೆರಡರಲ್ಲಿ. ಎರಡಕ್ಕೂ ತೇವ ತಡೆಯುವ ಒಂದೇ ಅಕ್ರಿಲಿಕ್ ಕೋಟಿಂಗ್. ಒಂದನ್ನು ಮಾತ್ರ ಮೊದಲು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ, ಬ್ರಷ್‌ನಿಂದ ತಿಕ್ಕಿ ಫ್ಲಕ್ಸ್, ಅಂದರೆ ಬೆಸುಗೆ ಹಾಕಿದಾಗ ಉಳಿಯುವ ಅಂಟು, ತೆಗೆದಿದ್ದೆ. ತೊಳೆಯದ್ದರಲ್ಲಿ ಬೆಸುಗೆಯ ಸುತ್ತ ಕೋಟಿಂಗ್ ಸಣ್ಣ ಸಣ್ಣ ಗುಳ್ಳೆ ಎದ್ದು ಬೆಳ್ಳಗಾಗಿದೆ. ತೊಳೆದದ್ದು ಹೊಸದರ ಹಾಗಿದೆ. ದುಬಾರಿ ಕೋಟಿಂಗ್ ಹುಡುಕುವ ಮೊದಲು ತೊಳೆಯುವುದಕ್ಕೆ ಸಮಯ ಕೊಡಿ ಅನ್ನುತ್ತೇನೆ. ಯುವಿ ಟಾರ್ಚ್ ಬಿಟ್ಟರೆ ಕೋಟಿಂಗ್ ನೀಲಿಯಾಗಿ ಹೊಳೆಯುತ್ತದೆ. ಐಸಿ (ಚಿಪ್) ಕಾಲುಗಳ ಚೂಪು ತುದಿಯಲ್ಲಿ ಕಪ್ಪು ಕಂಡರೆ ಅಲ್ಲಿ ನಿಂತಿಲ್ಲ ಅಂತ ಲೆಕ್ಕ, ಇನ್ನೊಂದು ಕೈ ಬಳಿಯಬೇಕು.

ದೊಡ್ಡ ಕೆಪಾಸಿಟರ್‌ಗಳು ನಡುಗದ ಹಾಗೆ ಸಿಲಿಕೋನ್ ಹಾಕಿದೆ. ವಿನೆಗರ್ ವಾಸನೆಯದ್ದು ಬೇಡ, ಅದರ ಆಮ್ಲ ತಾಮ್ರವನ್ನೇ ತಿನ್ನುತ್ತದೆ.

ಟಾಗೋರ್ ಬೀಚಿನಲ್ಲಿ ಇಟ್ಟಿರುವ ಟುಪೊಲೆವ್ ಬಗೆಯ ವಿಮಾನಗಳು 1988ರಿಂದ 2017ರವರೆಗೆ ನಮ್ಮ ನೌಕಾಪಡೆಗೆ ಕಡಲು ಕಾದವು. ನೋಡುವವರು ರೆಕ್ಕೆ ನೋಡುತ್ತಾರೆ, ನನಗೆ ಒಳಗಿನ ಎಲೆಕ್ಟ್ರಾನಿಕ್ಸ್ ಡಬ್ಬಿಗಳ ಮೇಲೇ ಕಣ್ಣು.

ಮುಂದಿನ ಕೆಲಸ ಬೋರ್ಡ್ ಕೂರಿಸುವ ನನ್ನ ಡಬ್ಬಿಯದ್ದು. ಪೂರ್ತಿ ಸೀಲ್ ಮಾಡು ಅಂತ ಗೆಳೆಯರ ಸಲಹೆ. ನನಗೆ ಒಪ್ಪಿಗೆ ಇಲ್ಲ. 18,000 ಅಡಿಯಲ್ಲಿ ಗಾಳಿಯ ಒತ್ತಡ ನೆಲದ ಅರ್ಧದಷ್ಟು. ವಿಮಾನ ಇಳಿಯುವಾಗ ತಣ್ಣಗಿನ ಡಬ್ಬಿ ಸಣ್ಣ ಸಂದಿಯಿಂದಲೂ ಒದ್ದೆ ಗಾಳಿ ಎಳೆದುಕೊಳ್ಳುತ್ತದೆ, ಒಳಗೆ ನೀರಾದದ್ದು ಹೊರಗೆ ಹೋಗುವುದಿಲ್ಲ. ನನ್ನದು ಅಷ್ಟು ಎತ್ತರ ಹಾರದಿದ್ದರೂ ಬಿಸಿಲು, ಮಳೆ ಬದಲಾದರೆ ಅದೇ ಕಥೆ. ಹಾಗಾಗಿ ತಳದಲ್ಲಿ ನೀರಿಳಿಯಲು ತೂತು, ಕನೆಕ್ಟರ್‌ಗಳ ಬಾಯಿ ಕೆಳಕ್ಕೆ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರ್ ಬೋರ್ಡಿನಲ್ಲೇ ಇದೆ, ಅದಕ್ಕೂ ಹೊರಗಿನ ಗಾಳಿ ಬೇಕಲ್ಲ, ತೂತು ಹೇಗೂ ತಪ್ಪುವುದಿಲ್ಲ. ಕೋಟಿಂಗ್ ಬಳಿಯುವಾಗ ಬ್ಯಾರೋಮೀಟರಿನ ಬಾಯಿಗೆ ಕ್ಯಾಪ್ಟಾನ್ ಅನ್ನುವ ಪ್ಲಾಸ್ಟಿಕ್ ಟೇಪ್ ಹಚ್ಚಿದ್ದೆ, ಈಗ ತೆಗೆದಾಯಿತು.